ಗುಂಯ್ ಅನ್ನುವುದು ಬೇರೆ, ಕೊರ್ ಅನ್ನುವುದು ಬೇರೆ

ರೆಕಾರ್ಡಿಂಗ್ ಸರಿಯಾಗಿ ಬರುತ್ತಿಲ್ಲ ಎಂದು ಫೋನ್ ಮಾಡುವವರು ಮೊದಲು ಹೇಳುವುದು ಮೈಕಿನ ಬೆಲೆ. ಅದಾದ ಮೇಲೆ ಅದರ ಕಂಪನಿ. ಅದೂ ಆದ ಮೇಲೆ ಲ್ಯಾಪ್‌ಟಾಪ್ ತಂದು ಎಷ್ಟು ವರ್ಷವಾಯಿತು ಎಂಬುದು. ‘ಇಷ್ಟು ದುಡ್ಡು ಹಾಕಿದ್ರೂ ಒಳಗೆ ಏನೋ ಸೌಂಡ್ ಬರ್ತದೆ ಮಾರಾಯ್ರೆ’ ಎನ್ನುತ್ತಾರೆ. ಎಂಥ ಸೌಂಡ್ ಎಂದು ಕೇಳಿದರೆ ಆ ಕಡೆಯಿಂದ ಮಾತಿಲ್ಲ. ಸೌಂಡ್ ಅಂದ್ರೆ ಸೌಂಡ್, ಇನ್ನೆಂಥದು? ಅಂಗಡಿಗೆ ಹೋದರೆ ಅಲ್ಲಿ ಅಷ್ಟೂ ಕೇಳುವುದಿಲ್ಲ, ಇನ್ನೊಂದು ಮೈಕ್ ತೆಗೆದು ತೋರಿಸುತ್ತಾರೆ.

ನಾನು ಕಂಡ ಮಟ್ಟಿಗೆ ಮನೆಯ ಕಂಪ್ಯೂಟರಿನಲ್ಲಿ ಮಾಡಿದ ರೆಕಾರ್ಡಿಂಗ್ ಮೈಕಿನಿಂದಾಗಿ ಕೆಡುವುದು ಕಡಿಮೆ. ಕೆಟ್ಟ ಸದ್ದು ತಾನು ಎಲ್ಲಿಂದ ಬಂದೆ ಎನ್ನುವುದನ್ನು ತಾನೇ ಹೇಳುತ್ತಿರುತ್ತದೆ. ಒಂದೇ ಸಮನೆ ಗುಂಯ್ ಎನ್ನುವುದು ಗೋಡೆಯೊಳಗಿನ ವೈರಿಂಗಿನದು. ಕೊರ್ ಎಂದು ಕಿವಿ ಕೊರೆಯುವುದು ಇನ್ವರ್ಟರಿನದೋ ಫ್ಯಾನ್ ರೆಗ್ಯುಲೇಟರಿನದೋ. ಟಕಟಕ ಟಕಟಕ ಎಂದು ತಾಳ ಹಿಡಿಯುವುದು ಮೊಬೈಲು. ಚಟ್ ಚಟ್ ಎಂದು ಸಿಡಿದರೆ ಒಂದೋ ಮೈಕಿನೊಳಗೆ ತೇವ, ಇಲ್ಲವೇ ಕಂಪ್ಯೂಟರಿಗೆ ಪುರುಸೊತ್ತಿಲ್ಲ. ಇವನ್ನು ಬಿಡಿಸಿ ಕೇಳಲು ಬಂದರೆ ಖರ್ಚು ಮಾಡದೆಯೇ ಅರ್ಧ ಕೆಲಸ ಮುಗಿಯುತ್ತದೆ.

ನಮ್ಮ ಕೊಡಗಿನ ಕಡೆ ಈಗ ರೆಕಾರ್ಡ್ ಮಾಡುವವರು ಬೇಕಾದಷ್ಟು ಜನ. ನಾಪೋಕ್ಲಿನ ಆಚೆ ಇರುವ ಪರಿಚಯದವರೊಬ್ಬರು ತಮ್ಮ ಅತ್ತೆಯಿಂದ ಇಲ್ಲಿನ ಆಡುಮಾತಾದ ಅರೆಭಾಷೆಯ ಅಜ್ಜಿಕಥೆಗಳನ್ನು ಹೇಳಿಸಿ ಹಿಡಿದಿಡುತ್ತಿದ್ದಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗರು ಪುತ್ತರಿ ಹಬ್ಬಕ್ಕೆ ಊರಿಗೆ ಬಂದಾಗ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಹಿರಿಯರ ಪಾಟ್ (ಹಾಡು) ರೆಕಾರ್ಡ್ ಮಾಡಿಕೊಂಡು ಹೋಗುತ್ತಾರೆ. ಶಾಲೆಯ ಟೀಚರುಗಳು ಪಾಠ ಓದಿಡುತ್ತಾರೆ. ಇವರೆಲ್ಲರ ಕಿವಿ ಪಳಗಿದ್ದು ಮಡಿಕೇರಿ ಆಕಾಶವಾಣಿಯಿಂದ. ಅದರ ಎಫ್‌ಎಂ 103.1ರಲ್ಲಿ ಮಾತನಾಡುವವರ ಹಿಂದೆ ಏನೂ ಕೇಳಿಸುವುದಿಲ್ಲ. ಆ ಅಳತೆ ಇಟ್ಟುಕೊಂಡು ತಮ್ಮದನ್ನು ಕೇಳಿದರೆ ಬೇಜಾರಾಗದೆ ಇರುತ್ತದೆಯೇ? ಸ್ಟುಡಿಯೋದ ಗೋಡೆ, ಬಾಗಿಲು, ವೈರಿಂಗ್ ಎಲ್ಲ ಅದಕ್ಕೆಂದೇ ಮಾಡಿದ್ದು. ನಮ್ಮ ಮನೆಗಳನ್ನು ಕಟ್ಟಿದ್ದು ಮಳೆಯಿಂದ ತಪ್ಪಿಸಿಕೊಳ್ಳುವುದಕ್ಕೆ.

ತೋಟದಲ್ಲಿ ಸ್ಪ್ರಿಂಕ್ಲರ್ ಜೆಟ್ ಹಾರದಿದ್ದರೆ ಯಾರೂ ಹೊಸ ಜೆಟ್ ತರಲು ಪೇಟೆಗೆ ಓಡುವುದಿಲ್ಲ. ನಡುವಿನ ಒಂದು ಜಾಯಿಂಟ್ ಬಿಚ್ಚಿ, ನೀರು ಅಲ್ಲಿಯವರೆಗೆ ಬಂತೇ ಎಂದು ನೋಡುತ್ತಾರೆ. ಬಂದಿದ್ದರೆ ತೊಂದರೆ ಮುಂದೆ, ಬಾರದಿದ್ದರೆ ಹಿಂದೆ. ಬಾಯಿಂದ ಹೊರಟ ದನಿ ಮೈಕ್, ಕೇಬಲ್, ಜಾಕ್, ಸೌಂಡ್ ಕಾರ್ಡ್, ಅದನ್ನು ನಡೆಸುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ, ವಿಂಡೋಸ್, ಆಮೇಲೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್, ಇಷ್ಟು ಕಡೆ ಹಾಯ್ದು ಫೈಲ್ ಆಗುತ್ತದೆ. ಇಲ್ಲಿಯೂ ನಡುವಿನಿಂದಲೇ ಹುಡುಕಲು ಶುರುಮಾಡಬೇಕು. ಅದಕ್ಕೆ ನಾನು ಹೇಳುವುದು ಇಷ್ಟೆ: ಬಾಯಿ ಮುಚ್ಚಿಕೊಂಡು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಆಮೇಲೆ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಇನ್ನೊಂದು ಹತ್ತು ಸೆಕೆಂಡ್. ಎರಡನ್ನೂ ಇಯರ್‌ಫೋನ್ ಹಾಕಿಕೊಂಡು ಕೇಳಿ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಕೇಳಿದರೆ ಗೊತ್ತಾಗುವುದಿಲ್ಲ, ಅಷ್ಟು ಕೆಳಗಿನ ಸ್ವರ ಅದರ ಬಾಯಿಗೆ ಬರುವುದೇ ಇಲ್ಲ.

ಬ್ಯಾಟರಿಯಲ್ಲಿ ಗುಂಯ್ ಹೋಯಿತೆಂದರೆ ಮೈಕಿನ ವಿಷಯ ಅಲ್ಲಿಗೇ ಬಿಡಬಹುದು. ನಮ್ಮಲ್ಲಿ ಬರುವ ಕರೆಂಟು 230 ವೋಲ್ಟಿನದು, ಸೆಕೆಂಡಿಗೆ 50 ಆವರ್ತ. ಆ 50 ಹರ್ಟ್ಜ್ ಮತ್ತು ಅದರ ಎರಡರಷ್ಟಾದ 100, ಇವೆರಡೇ ಹೆಚ್ಚಾಗಿ ಆ ಗುಂಯ್. ಚಾರ್ಜರಿನ ಮೂರನೇ ಪಿನ್ನಿಗೆ ಸರಿಯಾದ ಅರ್ತಿಂಗ್ ಇದ್ದರೆ ಅದು ನೆಲಕ್ಕೆ ಇಳಿದು ಹೋಗಬೇಕು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ಇದ್ದರೂ ಅಂಗಳದ ಅರ್ತ್ ಪೈಪಿನ ಹತ್ತಿರ ತುಕ್ಕು ಹಿಡಿದು ತುಂಡಾಗಿರುತ್ತದೆ.

ಆ ಅತ್ತೆಯ ಕಥೆಗಳಿಗೆ ಆಗಿದ್ದೂ ಇದೇ. ಅವರದು ಲೋಹದ ಮೈಯ ಲ್ಯಾಪ್‌ಟಾಪ್. ಕಥೆಯ ನಡುನಡುವೆ ಗುಂಯ್ ತಾನಾಗಿ ನಿಲ್ಲುತ್ತದೆ, ಮತ್ತೆ ತಾನಾಗಿ ಶುರುವಾಗುತ್ತದೆ. ಹೀಗೇಕೆ ಎಂದು ಮನೆಯವರಿಗೆ ತಲೆ ಕೆಟ್ಟಿತ್ತು. ಎದುರು ಕೂತು ನೋಡಿದರೆ ಅತ್ತೆ ಕಥೆ ಹೇಳುವಾಗ ಬಲಗೈಯನ್ನು ಲ್ಯಾಪ್‌ಟಾಪಿನ ಅಂಚಿನ ಮೇಲಿಡುತ್ತಾರೆ. ಹುಲಿ ಬಂದಾಗಲೋ ರಾಕ್ಷಸ ಬಂದಾಗಲೋ ಆ ಕೈ ಮೇಲೇಳುತ್ತದೆ. ಕೈ ಇದ್ದಾಗ ಸದ್ದಿಲ್ಲ, ಕೈ ಎದ್ದಾಗ ಗುಂಯ್. ಸ್ಕ್ರೂಡ್ರೈವರಿನಂಥ ಟೆಸ್ಟರನ್ನು ಲ್ಯಾಪ್‌ಟಾಪಿನ ಮೈಗೆ ಮುಟ್ಟಿಸಿದಾಗ ಒಳಗಿನ ದೀಪ ಮಂದವಾಗಿ ಹತ್ತಿತು. ಅರ್ತ್ ಇಲ್ಲದ ಚಾರ್ಜರಿನಿಂದ ಸೋರುವ ಚೂರು ಕರೆಂಟು ಲ್ಯಾಪ್‌ಟಾಪಿನ ಮೈಯಲ್ಲಿ ನಿಂತಿತ್ತು, ಅವರ ಕೈ ಅದಕ್ಕೊಂದು ದಾರಿ ಕೊಡುತ್ತಿತ್ತು. ಅತ್ತೆಗೆ ಇದು ದೊಡ್ಡ ಸಮಸ್ಯೆಯಾಗಿ ಕಾಣಲಿಲ್ಲ. ‘ಹಾಗಾದ್ರೆ ನಾನು ಕೈ ಇಟ್ಟೇ ಹೇಳ್ತೇನೆ, ನೀನ್ಯಾಕೆ ತಲೆಬಿಸಿ ಮಾಡ್ತೀಯ’ ಎಂದರು. ಕೈಯೆತ್ತದೆ ಹೇಳಿದ ರಾಕ್ಷಸ ಎಂಥ ರಾಕ್ಷಸ! ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ಹೊಸದಾಗಿ ಮಾಡುವವರೆಗೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿದರು.

ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ತಿಂಗ್ ಇನ್ನೂ ದುರ್ಬಲವಾಗುತ್ತದೆ. ಅರ್ತ್ ಗುಂಡಿಗೆ ಇದ್ದಲು, ಉಪ್ಪು ಹಾಕಿ ನೀರು ಹೊಯ್ಯುವುದು ಅದಕ್ಕೇ. ಇನ್ನೊಂದು ಬಗೆಯ ಗುಂಯ್ ಇದೆ. ಲ್ಯಾಪ್‌ಟಾಪ್ ಒಂದು ಸಾಕೆಟ್ಟಿನಲ್ಲಿ, ಮಿಕ್ಸರೋ ಆಂಪ್ಲಿಫೈಯರೋ ಇನ್ನೊಂದು ಕೋಣೆಯ ಸಾಕೆಟ್ಟಿನಲ್ಲಿ, ನಡುವೆ ಒಂದು ಆಡಿಯೋ ಕೇಬಲ್. ಆಗ ಎರಡು ಅರ್ತ್‌ಗಳ ನಡುವೆ ಸುತ್ತು ಬಿದ್ದು ಅದರಲ್ಲೇ ಗುಂಯ್ ಹರಿಯುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಇದಕ್ಕೆ ಪ್ಲಗ್ಗಿನ ಅರ್ತ್ ಪಿನ್ ಮುರಿದುಹಾಕುವ ಪದ್ಧತಿ ಕೆಲವು ಕಡೆ ಇದೆ. ಗುಂಯ್ ಹೋಗುತ್ತದೆ ನಿಜ, ಜೀವ ಉಳಿಸುವ ದಾರಿಯೂ ಅದರ ಜೊತೆ ಹೋಗುತ್ತದೆ. ಮಾಡಬೇಡಿ.

ಕರೆಂಟ್ ಹೋಗಿ ಇನ್ವರ್ಟರ್ ಶುರುವಾದ ಕೂಡಲೇ ಗುಂಯ್ ಇದ್ದದ್ದು ಕೊರ್ ಆದರೆ ಅದು ಇನ್ವರ್ಟರಿನ ಗುಣ. ಅಗ್ಗದ ಇನ್ವರ್ಟರುಗಳು ಕರೆಂಟಿನ ಅಲೆಯನ್ನು ದುಂಡಗೆ ಕೊಡದೆ ಚೌಕವಾಗಿ ಕೊಡುತ್ತವೆ. ಚೌಕದ ಅಲೆಯಲ್ಲಿ 50ರ ಜೊತೆ 150, 250, 350 ಹೀಗೆ ಮೇಲುಮೇಲಿನವೂ ಇರುತ್ತವೆ, ಅದಕ್ಕೇ ಸದ್ದು ಅಷ್ಟು ಹರಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನಿನ ಮೇಲೆ ಮರ ಬೀಳದ ವಾರವೇ ಕಡಿಮೆಯಾದ ಊರಿನಲ್ಲಿ ಇದನ್ನು ತಿಳಿದಿಟ್ಟುಕೊಳ್ಳುವುದು ಒಳ್ಳೆಯದು. ತಿರುಗಿಸುವ ಗುಬಟಿನ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರಿನದೂ ಇದೇ ಜಾತಿಯ ಸದ್ದು. ಫ್ಯಾನನ್ನು ಫುಲ್ ಇಡಿ, ಇಲ್ಲವೇ ಆಫ್ ಮಾಡಿ. ಮಡಿಕೇರಿಯ ಚಳಿಯಲ್ಲಿ ಫ್ಯಾನ್ ಯಾಕೆ ಬೇಕು ಎಂದು ಕೇಳುವವರು ಏಪ್ರಿಲ್‌ನಲ್ಲಿ ಕುಶಾಲನಗರಕ್ಕೆ ಬಂದು ಹೋಗಲಿ.

ಮೊಬೈಲಿನ ಟಕಟಕ ನಮ್ಮ ಕಣಿವೆಗಳಲ್ಲಿ ಸ್ವಲ್ಪ ಜೋರೇ. 2ಜಿ ಫೋನು ನಿರಂತರವಾಗಿ ರೇಡಿಯೋ ಅಲೆ ಬಿಡುವುದಿಲ್ಲ, ಸೆಕೆಂಡಿಗೆ ಸುಮಾರು 217 ಸಲ ತುಂಡುತುಂಡಾಗಿ ಬಿಡುತ್ತದೆ. ಮೈಕಿನ ಕೇಬಲ್ ಅದನ್ನು ಆಂಟೆನಾ ಆಗಿ ಹಿಡಿಯುತ್ತದೆ. ಟವರ್ ಹತ್ತಿರವಿದ್ದರೆ ಫೋನು ಮೆಲ್ಲಗೆ ಮಾತನಾಡುತ್ತದೆ. ಸಿಗ್ನಲ್ ಒಂದೇ ಕಡ್ಡಿ ಇದ್ದರೆ ತನ್ನಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಕೂಗುತ್ತದೆ. ಹಿರಿಯರ ಅಂಗಿ ಜೇಬಿನಲ್ಲಿ ಈಗಲೂ ಬಟನ್ ಫೋನ್. ನಾವು ಕಾಲರ್ ಮೈಕ್ ಸಿಕ್ಕಿಸುವುದು ಆ ಜೇಬಿನಿಂದ ಒಂದು ಗೇಣು ಮೇಲೆ. ಕರೆ ಬರುವುದಕ್ಕೆ ಮುಂಚೆಯೇ ರೆಕಾರ್ಡಿಂಗಿನಲ್ಲಿ ಟಕಟಕ ಬಂದಿರುತ್ತದೆ, ಫೋನು ಆಮೇಲೆ ರಿಂಗ್ ಆಗುತ್ತದೆ. ಇನ್ನು ನೆಟ್‌ವರ್ಕ್ ಸಿಗುವ ಒಂದೇ ಕಿಟಕಿಯ ಹತ್ತಿರ ಮೇಜು ಹಾಕಿಕೊಂಡವರು ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಕೂರಲಿ.

ಚಟ್ ಚಟ್ ಎನ್ನುವುದಕ್ಕೆ ಎರಡು ಕಾರಣ ಎಂದೆನಲ್ಲ, ಅವನ್ನು ಬೇರೆ ಮಾಡಲು ಕಿವಿ ಸಾಲದು, ಕಣ್ಣು ಬೇಕು. ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಆ ಜಾಗವನ್ನು ಹಿಗ್ಗಿಸಿ ನೋಡಿ. ಅಲೆಯ ಮೇಲೆ ಚೂಪಾದ ಮುಳ್ಳು ಎದ್ದಿದ್ದರೆ ಅದು ಕಂಪ್ಯೂಟರಿನ ಹೊರಗಿನಿಂದ, ಮೈಕಿನ ಕಡೆಯಿಂದ ಬಂದದ್ದು. ಅಲೆ ಹೋಗುತ್ತಾ ಹೋಗುತ್ತಾ ಕತ್ತರಿಸಿದಂತೆ ನಿಂತು ಮುಂದೆ ಬೇರೆ ಎತ್ತರದಲ್ಲಿ ಶುರುವಾಗಿದ್ದರೆ ಅಲ್ಲಿ ಒಂದು ಚೂರು ದನಿ ಕಳೆದೇ ಹೋಗಿದೆ, ಕಂಪ್ಯೂಟರ್ ಅದನ್ನು ಎತ್ತಿಕೊಳ್ಳಲಿಲ್ಲ.

ಮುಳ್ಳುಗಳು ಮಳೆಗಾಲದ ಕಾಯಿಲೆ. ಕಂಡೆನ್ಸರ್ ಮೈಕಿನೊಳಗೆ ತೆಳುವಾದ ಪೊರೆಯೊಂದು ಲೋಹದ ತಟ್ಟೆಯಿಂದ ಕೂದಲೆಳೆಯ ದೂರದಲ್ಲಿರುತ್ತದೆ, ನಡುವೆ ವಿದ್ಯುತ್ತಿನ ಒತ್ತಡ. ಅಲ್ಲಿ ತೇವ ಕೂತರೆ ಆ ವಿದ್ಯುತ್ತು ಸೋರುತ್ತದೆ, ಸೋರುವಾಗ ಚಟ್ ಎನ್ನುತ್ತದೆ. ಉಟ್ಟ ಬಟ್ಟೆಯೇ ಒಣಗದ ಜುಲೈನಲ್ಲಿ ಇದರಲ್ಲಿ ಆಶ್ಚರ್ಯವೇನು? ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ದಿನ ಇಟ್ಟರೆ ಎಷ್ಟೋ ಸಲ ಮೈಕ್ ತಾನೇ ಸರಿಯಾಗುತ್ತದೆ. ನಮ್ಮವರಿಗೆ ಏನನ್ನಾದರೂ ಒಣಗಿಸಬೇಕೆಂದರೆ ಮೊದಲು ನೆನಪಾಗುವುದು ಒಲೆಯ ಮೇಲಿನ ಅಟ್ಟ. ಅಲ್ಲಿ ಮಾತ್ರ ಇಡಬೇಡಿ, ಹೊಗೆಯ ಮಸಿ ಪೊರೆಗೆ ಹತ್ತಿದರೆ ಹೋಗುವುದಿಲ್ಲ. ವೇದಿಕೆಯ ಮೇಲೆ ಹಿಡಿದು ಮಾತನಾಡುವ ಡೈನಮಿಕ್ ಮೈಕಿಗೆ ಈ ಕಾಟ ಇಲ್ಲ. ಆದರೆ ಅದನ್ನು ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ದನಿ ಪಾತಾಳದಿಂದ ಬಂದ ಹಾಗೆ ಕೇಳಿಸುತ್ತದೆ. ಅದರ ಸಿಗ್ನಲ್ ಅಷ್ಟು ಸಣ್ಣದು, ನಡುವೆ ಅದನ್ನು ಹಿಗ್ಗಿಸುವ ಪ್ರೀಆಂಪ್ ಇರುವ ಆಡಿಯೋ ಇಂಟರ್‌ಫೇಸ್ ಬೇಕೇ ಬೇಕು.

ಅಲೆ ತುಂಡಾಗಿದ್ದರೆ ಕಂಪ್ಯೂಟರಿನ ಕಡೆ ನೋಡಿ. ದನಿಯನ್ನು ಅದು ಒಂದೊಂದು ಬೊಗಸೆಯಾಗಿ ಎತ್ತಿಕೊಳ್ಳುತ್ತದೆ, ಬಫರ್ ಎನ್ನುವುದು ಇದನ್ನೇ. 44.1 ಕಿಲೋಹರ್ಟ್ಜ್‌ನಲ್ಲಿ, ಅಂದರೆ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಷ್ಟು ಸ್ಯಾಂಪಲ್ ತೆಗೆಯುವಾಗ, 256 ಸ್ಯಾಂಪಲಿನ ಬಫರ್ ಎಂದರೆ 6 ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ವೈಫೈ ಡ್ರೈವರೋ ಆಂಟಿವೈರಸ್ಸೋ ಪ್ರೊಸೆಸರನ್ನು ಹಿಡಿದುಕೊಂಡರೆ ಆ ಬೊಗಸೆ ಚೆಲ್ಲಿಹೋಯಿತು. ಬಫರನ್ನು 1024ಕ್ಕೆ ಏರಿಸಿದರೆ 23 ಮಿಲಿಸೆಕೆಂಡ್ ಬಿಡುವು ಸಿಗುತ್ತದೆ. ಹಾಡುವಾಗಲೇ ನಿಮ್ಮ ದನಿಯನ್ನು ಕಂಪ್ಯೂಟರ್ ಮೂಲಕ ಇಯರ್‌ಫೋನಿನಲ್ಲಿ ಕೇಳುವುದಿಲ್ಲ ಎಂದಾದರೆ ದೊಡ್ಡ ಬಫರಿನಿಂದ ನಷ್ಟವೇನೂ ಇಲ್ಲ. ವೈಫೈ ಆಫ್ ಮಾಡಿ, ಪವರ್ ಸೇವರ್ ತೆಗೆಯಿರಿ, ಯುಎಸ್‌ಬಿ ಮೈಕನ್ನು ಹಬ್ ಬಿಟ್ಟು ನೇರವಾಗಿ ಹಾಕಿ.

ಏನೂ ರೆಕಾರ್ಡೇ ಆಗದೆ ಬರೀ ಸಪಾಟು ಗೆರೆ ಬರುವವರ ಕಷ್ಟ ಇದ್ದುದರಲ್ಲಿ ಸುಲಭದ್ದು. ವಿಂಡೋಸಿನ ಪ್ರೈವಸಿ ಸೆಟ್ಟಿಂಗಿನಲ್ಲಿ ಮೈಕ್ರೋಫೋನ್ ಅನುಮತಿ ಆಫ್ ಆಗಿದ್ದರೆ ಎಲ್ಲವೂ ಸರಿ ಇದ್ದಂತೆ ಕಂಡರೂ ದನಿ ಬರುವುದಿಲ್ಲ. ಡೆಸ್ಕ್‌ಟಾಪ್ ಆಪ್‌ಗಳಿಗೆ ಅಲ್ಲೇ ಕೆಳಗೆ ಇನ್ನೊಂದು ಬೇರೆ ಸ್ವಿಚ್ ಇದೆ, ಅದನ್ನೂ ನೋಡಿ. ಡೆಸ್ಕ್‌ಟಾಪಿನ ಗುಲಾಬಿ ತೂತಿಗೆ ಮೊಬೈಲ್ ಇಯರ್‌ಫೋನ್ ಹಾಕಿದವರು ಅದರ ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಲಿ. ಮೂರು ಗೆರೆ ಇದ್ದರೆ ಅದಕ್ಕೆ ಮೈಕ್ ಮತ್ತು ಹೆಡ್‌ಫೋನ್ ಬೇರೆ ಮಾಡುವ ಸ್ಪ್ಲಿಟರ್ ಬೇಕು.

ನನಗೆ ನಿಜವಾಗಿ ಸಿಟ್ಟು ಬರುವುದು ಕಂಪ್ಯೂಟರ್ ಉಪಕಾರ ಮಾಡಲು ಹೊರಟಾಗ. ಇಲ್ಲಿನ ಹಳೆಯ ಹಾಡುಗಾರಿಕೆಯಲ್ಲಿ ನಾಲ್ಕು ಜನ ದುಡಿ ಹಿಡಿದು ಹಾಡುತ್ತಾರೆ. ದುಡಿ ಎಂದರೆ ನಡು ಸಣ್ಣಗಾದ ಸಣ್ಣ ಚರ್ಮವಾದ್ಯ, ಕೋಲಿನಿಂದ ಬಾರಿಸುವುದು. ಹಾಡು ಒಂದೇ ಜಾಡಿನಲ್ಲಿ ಎಳೆದುಕೊಂಡು ಹೋಗುತ್ತದೆ, ದುಡಿಯ ಪೆಟ್ಟು ಒಂದೇ ಸಮ ಬೀಳುತ್ತದೆ. ಹುಡುಗನೊಬ್ಬ ಇದನ್ನು ಒಳ್ಳೆಯ ಲ್ಯಾಪ್‌ಟಾಪಿನಲ್ಲೇ ರೆಕಾರ್ಡ್ ಮಾಡಿ ತಂದಿದ್ದ. ಮೊದಲ ಸಾಲು ಸ್ವಚ್ಛ. ಎರಡನೆಯ ಸಾಲಿಗೆ ದುಡಿ ಮಂಕಾಯಿತು. ಆಮೇಲೆ ಹಾಡುವವರೇ ಯಾವುದೋ ನೀರಿನೊಳಗೆ ಇಳಿದರು. ಪ್ರತಿ ಸಾಲಿನ ಕೊನೆಯ ಎಳೆತ ಅರ್ಧಕ್ಕೇ ತುಂಡು. ಹುಡುಗ ತಾತಂದಿರಿಗೆ ದಮ್ಮಿಲ್ಲ ಅಂದುಕೊಂಡಿದ್ದ. ಅವರ ದಮ್ಮಿಗೆ ಏನೂ ಆಗಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ನಾಯ್ಸ್ ಸಪ್ರೆಷನ್ ಆನ್ ಇತ್ತು.

ಈ ವ್ಯವಸ್ಥೆ ಮಾಡಿರುವುದು ಆಫೀಸಿನ ಮೀಟಿಂಗುಗಳಿಗೆ. ಮಾತು ಎಂದರೆ ತುಂಡುತುಂಡಾಗಿ ಬರುವಂಥದ್ದು, ನಡುವೆ ಸಂದು ಇರುವಂಥದ್ದು. ಒಂದೇ ಸಮ ಬರುವುದು ಫ್ಯಾನೋ ಎಸಿಯೋ ಇರಬೇಕು, ಅದನ್ನು ತೆಗೆಯಬೇಕು. ಇದೇ ಅದರ ಲೆಕ್ಕ. ಮೀಟಿಂಗಿಗೆ ಈ ಲೆಕ್ಕ ಸರಿಯೇ. ಎಳೆದು ಹಾಡುವ ಹಾಡು ಈ ಲೆಕ್ಕದಲ್ಲಿ ಫ್ಯಾನಿನ ಸಾಲಿಗೆ ಸೇರುತ್ತದೆ. ಇದರ ಜೊತೆಗೆ ಆಟೋಮ್ಯಾಟಿಕ್ ಗೇನ್ ಎಂಬ ಇನ್ನೊಂದು ಉಪಕಾರ. ದನಿ ಸಣ್ಣದಾದರೆ ಅದು ಏರಿಸುತ್ತದೆ, ದೊಡ್ಡದಾದರೆ ಇಳಿಸುತ್ತದೆ. ಪರಿಣಾಮವಾಗಿ ಕಥೆ ಹೇಳುವ ಅತ್ತೆ ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಹೊರಗೆ ಮಳೆ ಜೋರಾಗುತ್ತದೆ, ಅವರು ಬಾಯಿ ತೆರೆದ ಕೂಡಲೇ ನಿಲ್ಲುತ್ತದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂದು ಹೋಗಿ ಮೈಕಿನ ಹೆಸರು ಒತ್ತಿದರೆ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಎಂದಿರುತ್ತದೆ, ಅದನ್ನು ಆಫ್ ಮಾಡಿ. ಅಷ್ಟಕ್ಕೇ ನಿಲ್ಲಿಸಬೇಡಿ. ಲ್ಯಾಪ್‌ಟಾಪ್ ಕಂಪನಿಯವರು ಹಾಕಿಕೊಟ್ಟ ಆಪ್‌ನಲ್ಲಿ ಬೇರೆ ಇರುತ್ತದೆ. ಬ್ರೌಸರ್ ಮೂಲಕ ರೆಕಾರ್ಡ್ ಮಾಡುವವರಿಗೆ ಬ್ರೌಸರಿನದೇ ಇನ್ನೊಂದು. ಜೂಮ್‌ನಲ್ಲಿ ಹಾಡಿಸುವವರು ಒರಿಜಿನಲ್ ಸೌಂಡ್ ಎನ್ನುವುದನ್ನು ಆನ್ ಮಾಡಿಕೊಳ್ಳಬೇಕು. ಬ್ಲೂಟೂತ್ ಇಯರ್‌ಫೋನಿನ ಮೈಕನ್ನು ಹಾಡಿಗೆ ಬಳಸಲೇಬೇಡಿ. ಮೈಕ್ ಆನ್ ಆದ ಕ್ಷಣ ಅದು ಹೆಚ್ಚಾಗಿ ಟೆಲಿಫೋನ್ ಗುಣಮಟ್ಟಕ್ಕೆ ಇಳಿಯುತ್ತದೆ. ಇವೆಲ್ಲ ತೆಗೆದ ಮೇಲೆ ದುಡಿಯ ಪೆಟ್ಟಿಗೆ ಜಾಗ ಬಿಟ್ಟು ಲೆವೆಲ್ ಇಡಿ. ಅತಿ ಜೋರಿನ ಪೆಟ್ಟು ಸಾಫ್ಟ್‌ವೇರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ ಬಂದರೆ ಸಾಕು. ಸೊನ್ನೆ ಮುಟ್ಟಿದರೆ ಅಲೆಯ ನೆತ್ತಿ ಹಾರಿಹೋಗುತ್ತದೆ, ಅದನ್ನು ಮೊದಲಿನಂತೆ ಕೂರಿಸುವುದು ಆಗದ ಮಾತು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಆಮೇಲೆ ಏರಿಸಿಕೊಳ್ಳಬಹುದು.

ಇನ್ನೊಂದು ತಮಾಷೆಯ ದೋಷ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಇಯರ್‌ಫೋನ್ ಹಾಕಿ ಕೇಳಿದರೆ ದನಿ ಚೆನ್ನಾಗಿದೆ. ಅದೇ ಫೈಲನ್ನು ಅಕ್ಕನ ಮೊಬೈಲಿಗೆ ಕಳಿಸಿದರೆ ಅಲ್ಲಿ ಮಾತೇ ಇಲ್ಲ, ಸುಂಯ್ ಎನ್ನುವ ಹಿಸ್ ಮಾತ್ರ. ಅಕ್ಕನ ಮೊಬೈಲ್ ಕೆಟ್ಟಿಲ್ಲ. ದೊಡ್ಡ ಮೈಕಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಎರಡು ಪಿನ್ನುಗಳು ಒಂದೇ ದನಿಯನ್ನು ಒಯ್ಯುತ್ತವೆ, ಒಂದು ನೇರವಾಗಿ, ಇನ್ನೊಂದು ತಲೆಕೆಳಗು ಮಾಡಿ. ಕೆಲವು ಅಗ್ಗದ ಕೇಬಲ್ಲುಗಳು ಅವೆರಡನ್ನು ಸಣ್ಣ ಜಾಕಿನ ಎಡ ಬಲಕ್ಕೆ ಜೋಡಿಸಿರುತ್ತವೆ. ಎರಡು ಕಿವಿಗೆ ಬೇರೆ ಬೇರೆ ಹೋದಾಗ ತಿಳಿಯುವುದಿಲ್ಲ. ಒಂದೇ ಸ್ಪೀಕರಿನ ಫೋನು ಎರಡನ್ನೂ ಕೂಡಿಸಿದಾಗ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಆಡಾಸಿಟಿಯಲ್ಲಿ ಸ್ಟೀರಿಯೋ ಟ್ರ್ಯಾಕ್ ಸೀಳಿ, ಒಂದನ್ನು ಅಳಿಸಿ, ಉಳಿದದ್ದನ್ನು ಮೋನೋ ಮಾಡಿದರೆ ದನಿ ವಾಪಸ್. ಹಾಗೆಯೇ ಮಾತು ನಿಧಾನವಾಗಿ, ದನಿ ಭಾರವಾಗಿ ಕೇಳಿಸಿದರೆ 48 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಆದದ್ದನ್ನು 44.1 ಎಂದುಕೊಂಡು ನುಡಿಸುತ್ತಿದೆ ಎಂದರ್ಥ. ವಿಂಡೋಸಿನಲ್ಲಿಯೂ ಸಾಫ್ಟ್‌ವೇರಿನಲ್ಲಿಯೂ ಒಂದೇ ಸಂಖ್ಯೆ ಇಡಿ.

ಮಳೆಯ ಬಗ್ಗೆ ಕೇಳುವವರಿಗೆ ನನ್ನಲ್ಲಿ ಮಂತ್ರ ಇಲ್ಲ. ಆಡಾಸಿಟಿಯ ನಾಯ್ಸ್ ರಿಡಕ್ಷನ್ ಮೊದಲು ಸದ್ದಿನ ಒಂದು ಮಾದರಿ ತೆಗೆದುಕೊಂಡು ಅದನ್ನು ಉಳಿದೆಡೆಯಿಂದ ಕಳೆಯುತ್ತದೆ. ಫ್ಯಾನಿನಂಥ ಬದಲಾಗದ ಸದ್ದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತಗಡಿನ ಮೇಲಿನ ಮಳೆ ನಿಮಿಷಕ್ಕೊಂದು ರೀತಿ, ಅದನ್ನು ಪೂರ್ತಿ ತೆಗೆಯಲು ಹೋದರೆ ಮಾತಿಗೂ ತಗಡಿನ ದನಿ ಬರುತ್ತದೆ. ತಗಡಿನ ಕೆಳಗೆ ಮರದ ಮಚ್ಚು ಹಾಕಿದ ಕೋಣೆ ಹುಡುಕಿ. ಕಿಟಕಿಗೂ ಎದುರಿನ ಗೋಡೆಗೂ ದಪ್ಪ ಕಂಬಳಿ ಕಟ್ಟಿ. ಮೈಕನ್ನು ಬಾಯಿಗೆ ಒಂದು ಗೇಣಿನಷ್ಟು ಹತ್ತಿರ ತನ್ನಿ. ದೂರ ಅರ್ಧವಾದಾಗಲೆಲ್ಲ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಮಳೆ ಇದ್ದಷ್ಟೇ ಇರುತ್ತದೆ. ಬಿಟ್ಟಿಯಾಗಿ ಸಿಗುವ ಇಷ್ಟು ಲಾಭ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ಆನೆ ಓಡಿಸಲು ಪಕ್ಕದ ತೋಟದಲ್ಲಿ ಪಟಾಕಿ ಹೊಡೆದರೆ ಮಾತ್ರ ಆ ವಾಕ್ಯವನ್ನು ಇನ್ನೊಮ್ಮೆ ಹೇಳಿಸುವುದೇ.

ಇಷ್ಟಾದ ಮೇಲೂ ಬಗೆಹರಿಯದಿದ್ದರೆ ನನಗೆ ಎರಡು ಫೈಲ್ ಕಳಿಸಿ. ಬಾಯಿ ಮುಚ್ಚಿ ರೆಕಾರ್ಡ್ ಮಾಡಿದ ಹತ್ತು ಸೆಕೆಂಡ್, ಒಂದು ಚಾರ್ಜರ್ ಹಾಕಿ, ಇನ್ನೊಂದು ತೆಗೆದು. ಎಂಪಿ3 ಬೇಡ, ವೇವ್ ಫೈಲೇ ಇರಲಿ. 48 ಕಿಲೋಹರ್ಟ್ಜ್, 24 ಬಿಟ್, ಮೋನೋದಲ್ಲಿ ಹತ್ತು ಸೆಕೆಂಡಿಗೆ ಒಂದೂವರೆ ಎಂಬಿ ಕೂಡ ಆಗುವುದಿಲ್ಲ, ಒಂದು ಕಡ್ಡಿ ನೆಟ್‌ವರ್ಕಿನಲ್ಲೂ ಹೋದೀತು. ವಾಟ್ಸಾಪಿನಲ್ಲಾದರೆ ವಾಯ್ಸ್ ಮೆಸೇಜ್ ಮಾಡದೆ ಡಾಕ್ಯುಮೆಂಟ್ ಎಂದು ಕಳಿಸಿ. ಫೈಲಿನ ಹೆಸರಿನಲ್ಲಿ ಕರೆಂಟ್ ಇತ್ತೋ ಇನ್ವರ್ಟರ್ ಇತ್ತೋ ಅದೊಂದನ್ನು ಬರೆದಿರಿ.